ಲ್ಯಾಪ್‌ಟಾಪ್‌ನ ವೈ-ಫೈ ಕಾರ್ಡ್ ಕೈಕೊಟ್ಟರೆ: ಡ್ರೈವರ್, ಫರ್ಮ್‌ವೇರ್ ದೋಷ ಸರಿಪಡಿಸುವ ಕ್ರಮ

ಟಾಸ್ಕ್‌ಬಾರ್‌ನಲ್ಲಿದ್ದ ವೈ-ಫೈ ಗುರುತು ಮಾಯವಾಗಿ ಅದರ ಜಾಗದಲ್ಲಿ ಗ್ಲೋಬ್ ಬಂದು ಕೂತರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ: ಡಿವೈಸ್ ಮ್ಯಾನೇಜರ್ ತೆರೆದು ಡ್ರೈವರನ್ನು (ಕಾರ್ಡಿಗೂ ವಿಂಡೋಸ್‌ಗೂ ನಡುವೆ ಮಾತು ನಡೆಸುವ ಪ್ರೋಗ್ರಾಮ್) ಅನ್‌ಇನ್‌ಸ್ಟಾಲ್ ಮಾಡುವುದು. ಕೆಲಸ ಕೆಡುವುದು ಅಲ್ಲಿಯೇ. ಡ್ರೈವರ್ ಹೋಯಿತು, ಹೊಸದನ್ನು ಇಳಿಸಿಕೊಳ್ಳಲು ನೆಟ್ ಇಲ್ಲ, ಪರದೆಯ ಮೇಲೆ ಮೊದಲು ಕಾಣುತ್ತಿದ್ದ ದೋಷದ ಕೋಡ್ ಕೂಡ ಅಳಿಸಿಹೋಯಿತು. ಇನ್ನು ಊಹೆಯೊಂದೇ ಗತಿ. ಕೊನೆಗೆ ಅಂಗಡಿಯವರು ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿಕೊಡುತ್ತಾರೆ. ಎಷ್ಟೋ ಸಲ ಅದಾದ ಮೇಲೂ ದೋಷ ಇದ್ದಲ್ಲೇ ಇರುತ್ತದೆ.

ಈ ಕೆಲಸದಲ್ಲಿ ಜಾಣತನಕ್ಕಿಂತ ಕ್ರಮ ಮುಖ್ಯ. ಮೊದಲು ಓದಬೇಕು, ಬರೆದಿಟ್ಟುಕೊಳ್ಳಬೇಕು, ಬದಲಿ ಕೈಗೆ ಬಂದ ಮೇಲೆಯೇ ಹಳೆಯದನ್ನು ತೆಗೆಯಬೇಕು. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ನಡುವೆ ಎಲ್ಲಾದರೂ ವೈ-ಫೈ ಸರಿಹೋದರೆ ಅಲ್ಲಿಗೇ ನಿಲ್ಲಿಸಿ, ಉಳಿದದ್ದಕ್ಕೆ ಕೈಹಾಕಬೇಡಿ.

ಒಂದು ಸೂಚನೆ: ಆಜ್ಞೆಗಳನ್ನೂ ದೋಷದ ಸಂದೇಶಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಆಜ್ಞೆಗಳನ್ನು ಟೈಪ್ ಮಾಡುವಾಗ ಎಲ್ಲವೂ ಸಣ್ಣ ಅಕ್ಷರಗಳಲ್ಲಿರಲಿ.

## ಶುರು ಮಾಡುವ ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ವೈ-ಫೈ ಇಲ್ಲದೆ ನೆಟ್ ಸಿಗುವ ದಾರಿಯೊಂದು ಬೇಕೇ ಬೇಕು. ಆಂಡ್ರಾಯ್ಡ್ ಫೋನು ಮತ್ತು ಡೇಟಾ ಹಾಯುವ ಯುಎಸ್‌ಬಿ ಕೇಬಲ್ ಇದ್ದರೆ ಸಾಕು. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ಲ್ಯಾಪ್‌ಟಾಪ್ ಅದನ್ನು ವೈರ್ಡ್ ನೆಟ್‌ವರ್ಕ್ ಎಂದೇ ತಿಳಿಯುತ್ತದೆ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಡ. ಟೆದರಿಂಗ್ ಆಯ್ಕೆ ಮಂಕಾಗಿದ್ದು ಒತ್ತಲು ಬಾರದಿದ್ದರೆ ಅದು ಬರೀ ಚಾರ್ಜಿಂಗ್ ಕೇಬಲ್ ಆಗಿರಬಹುದು, ಬೇರೆ ಕೇಬಲ್ ಹಾಕಿ ನೋಡಿ.

ಇದರ ಜೊತೆಗೆ ಒಂದು ಪೆನ್‌ಡ್ರೈವ್, ಬರೆದುಕೊಳ್ಳಲು ಕಾಗದ, ಮನೆಯ ವೈ-ಫೈ ಪಾಸ್‌ವರ್ಡ್. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ ರಿಕವರಿ ಕೀಯನ್ನು ಈಗಲೇ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಬರೆದಿಡಿ. ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನ ಪ್ರೋಗ್ರಾಮ್) ಅಪ್‌ಡೇಟ್ ಮಾಡಿದ ಮೇಲೋ, ನಂಬಿಕಸ್ಥರ ಸಹಿಯಿಲ್ಲದ ಪ್ರೋಗ್ರಾಮುಗಳನ್ನು ಬೂಟ್ ಆಗುವಾಗ ತಡೆಯುವ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಿಸಿದ ಮೇಲೋ ಅದು ಕೀ ಕೇಳುವುದುಂಟು. ಆಗ ಹುಡುಕಲು ಹೊರಟರೆ ವೈ-ಫೈ ಹೋಗಲಿ, ಲ್ಯಾಪ್‌ಟಾಪೇ ತೆರೆಯುವುದಿಲ್ಲ.

ಸ್ಕ್ರೂಡ್ರೈವರ್ ಬೇಕಾಗುವುದು ಕೊನೆಯ ಹಂತಕ್ಕೆ ಮಾತ್ರ.

## ಹಂತ 1: ಕೆಟ್ಟಿರುವುದು ಕಾರ್ಡೋ, ರೌಟರೋ?

ಫೋನಿಗೆ ಅದೇ ವೈ-ಫೈ ಸಿಗುತ್ತಿದೆಯೇ ನೋಡಿ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಅಕ್ಕಪಕ್ಕದ ಮನೆಯವರ ನೆಟ್‌ವರ್ಕ್ ಹೆಸರುಗಳಾದರೂ ಕಾಣುತ್ತವೆಯೇ ನೋಡಿ. ಹೆಸರುಗಳು ಕಾಣುತ್ತಿದ್ದು ನಿಮ್ಮದಕ್ಕೆ ಮಾತ್ರ ಸೇರಲಾಗದಿದ್ದರೆ ತೊಂದರೆ ಬಹುತೇಕ ಪಾಸ್‌ವರ್ಡ್, ರೌಟರ್ ಅಥವಾ ಐಪಿ ವಿಳಾಸದ್ದು. ಅದಕ್ಕೆ ಈ ಮಾರ್ಗದರ್ಶಿ ಅಲ್ಲ.

ಒಂದೂ ಹೆಸರು ಕಾಣದಿದ್ದರೆ, ವೈ-ಫೈ ಬಟನ್ನೇ ಇಲ್ಲದಿದ್ದರೆ, ಅಥವಾ ಕೆಲಹೊತ್ತು ಸರಿಯಿದ್ದು ಆಮೇಲೆ ಕಾರ್ಡೇ ಮಾಯವಾಗುತ್ತಿದ್ದರೆ ಮುಂದುವರಿಯಿರಿ. ಅದಕ್ಕೂ ಮೊದಲು ಏರೋಪ್ಲೇನ್ ಮೋಡ್ ಕೀ ಒತ್ತಿಹೋಗಿದೆಯೇ, ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ಅಂಚಿನಲ್ಲಿ ವೈರ್‌ಲೆಸ್ ಸ್ವಿಚ್ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ.

## ಹಂತ 2: ಲ್ಯಾಪ್‌ಟಾಪನ್ನು ನಿಜವಾಗಿ ಆಫ್ ಮಾಡಿ

ವೈ-ಫೈ ಕಾರ್ಡಿನೊಳಗೆ ಅದರದೇ ಪುಟ್ಟ ಪ್ರೊಸೆಸರ್ ಇದೆ. ಅದರ ಮೇಲೆ ಓಡುವ ಪ್ರೋಗ್ರಾಮೇ ಫರ್ಮ್‌ವೇರ್. ಇಂದಿನ ಹೆಚ್ಚಿನ ಕಾರ್ಡುಗಳಲ್ಲಿ ಅದು ಕಾರ್ಡಿನೊಳಗೆ ಶಾಶ್ವತವಾಗಿ ಕೂತಿರುವುದಿಲ್ಲ. ಪ್ರತಿ ಸಲ ಆನ್ ಆದಾಗ ಡ್ರೈವರ್ ಅದನ್ನು ಡಿಸ್ಕಿನಿಂದ ಎತ್ತಿ ಕಾರ್ಡಿಗೆ ತುಂಬಿಸುತ್ತದೆ. ಹೀಗೆ ತುಂಬಿಸಿದ್ದು ನಡುವೆ ಸಿಕ್ಕಿಹಾಕಿಕೊಂಡರೆ ಕಾರ್ಡ್ ಯಾರ ಮಾತಿಗೂ ಉತ್ತರ ಕೊಡುವುದಿಲ್ಲ. ಅದಕ್ಕೆ ಹೋಗುವ ವಿದ್ಯುತ್ ಪೂರ್ತಿ ನಿಂತರಷ್ಟೇ ಅದು ಮೊದಲಿನ ಸ್ಥಿತಿಗೆ ಬರುವುದು.

ವಿಂಡೋಸ್‌ನ ‘ಶಟ್ ಡೌನ್’ ಇದಕ್ಕೆ ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮಾರನೇ ದಿನ ಅದೇ ಹಾಳು ಸ್ಥಿತಿ ಎದ್ದು ಬರುತ್ತದೆ. ‘ಎರಡು ದಿನ ಆಫ್ ಮಾಡಿಟ್ಟೆ, ಆದರೂ ಸರಿಯಾಗಲಿಲ್ಲ’ ಎನ್ನುವವರ ಸಮಸ್ಯೆ ಸಾಮಾನ್ಯವಾಗಿ ಇದೇ.

ಹೀಗೆ ಮಾಡಿ: ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್ ಡೌನ್ ಆಯ್ಕೆ ಮಾಡಿ. ಪೂರ್ತಿ ಆಫ್ ಆದ ಮೇಲೆ ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲವನ್ನೂ ಕೀಳಿ. ಬ್ಯಾಟರಿ ತೆಗೆಯಲು ಬರುವಂಥದ್ದಾದರೆ ತೆಗೆಯಿರಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗೇ ಇರುವ ಲ್ಯಾಪ್‌ಟಾಪ್ ಇದರ ನಡುವೆ ಒಮ್ಮೆ ಆನ್ ಆಗಿ ಮತ್ತೆ ಆಫ್ ಆದೀತು, ಬೆರಳು ತೆಗೆಯಬೇಡಿ. ಕೆಲವು ಥಿಂಕ್‌ಪ್ಯಾಡ್‌ಗಳ ತಳಭಾಗದಲ್ಲಿ ಪಿನ್ ಹಾಕಿ ಒತ್ತುವ ರಿಸೆಟ್ ತೂತು ಇರುತ್ತದೆ, ಇದ್ದರೆ ಅದನ್ನು ಒತ್ತಿ. ಒಂದೆರಡು ನಿಮಿಷ ಬಿಟ್ಟು ಚಾರ್ಜರ್ ಹಾಕಿ ಆನ್ ಮಾಡಿ.

ಇಂಟೆಲ್ ಕಾರ್ಡುಗಳ ‘ಕೋಡ್ 10’, ಮೀಡಿಯಾಟೆಕ್ ಕಾರ್ಡುಗಳು ನಿದ್ರೆಯಿಂದ ಏಳುವಾಗ ಮಾಯವಾಗುವುದು, ಇವು ಇಷ್ಟಕ್ಕೇ ಸರಿಹೋಗುವುದು ಸಾಮಾನ್ಯ. ಸರಿಹೋದರೂ ಪದೇ ಪದೇ ಮರುಕಳಿಸಿದರೆ ಫಾಸ್ಟ್ ಸ್ಟಾರ್ಟಪ್ಪನ್ನೇ ಆಫ್ ಮಾಡಿ: ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’. ಅಲ್ಲಿ ಟಿಕ್ ಮಂಕಾಗಿದ್ದರೆ ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಮೊದಲು ಒತ್ತಬೇಕು. ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಇದನ್ನು ಈಗಲೇ ಆಫ್ ಮಾಡಲೇಬೇಕು. ಇಲ್ಲದಿದ್ದರೆ ವಿಂಡೋಸ್ ಅರ್ಧ ನಿದ್ರೆಯಲ್ಲಿ ಬಿಟ್ಟುಹೋದ ಕಾರ್ಡನ್ನು ಲಿನಕ್ಸ್ ಎಬ್ಬಿಸಲಾಗದೆ ಒದ್ದಾಡುತ್ತದೆ, ತಪ್ಪು ಮಾತ್ರ ಲಿನಕ್ಸ್ ಡ್ರೈವರಿನ ತಲೆಗೆ ಬರುತ್ತದೆ.

## ಹಂತ 3: ನಿಮ್ಮ ಕಾರ್ಡ್ ಯಾವುದೆಂದು ಸಂಖ್ಯೆಯಿಂದ ಗುರುತಿಸಿ

ಲ್ಯಾಪ್‌ಟಾಪ್ ಮಾಡೆಲ್ ನೋಡಿ ಕಾರ್ಡ್ ಯಾವುದೆಂದು ಊಹಿಸಬೇಡಿ. ಒಂದೇ ಮಾಡೆಲ್‌ಗೆ ಕಂಪನಿಗಳು ಒಂದು ಸಲ ಇಂಟೆಲ್, ಇನ್ನೊಂದು ಸಲ ರಿಯಲ್‌ಟೆಕ್, ಮತ್ತೊಂದು ಸಲ ಮೀಡಿಯಾಟೆಕ್ ಹಾಕಿರುತ್ತವೆ. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿದ ಡ್ರೈವರ್ ನಿಮ್ಮದರಲ್ಲಿ ಮಾಡದಿರಲು ಇದು ಮುಖ್ಯ ಕಾರಣ.

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ವೈ-ಫೈ ಕಾರ್ಡ್ ಹುಡುಕಿ. ಅಲ್ಲಿ ಇಲ್ಲದಿದ್ದರೆ ‘ಅದರ್ ಡಿವೈಸಸ್’ ಕೆಳಗೆ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಹೆಸರಿನಲ್ಲಿ ಹಳದಿ ಗುರುತಿನೊಂದಿಗೆ ಕೂತಿರಬಹುದು. ಅಲ್ಲೂ ಇಲ್ಲದಿದ್ದರೆ ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ. ಸಿಕ್ಕಿದ್ದರ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ‘ಡೀಟೇಲ್ಸ್’ ಟ್ಯಾಬ್, ‘ಹಾರ್ಡ್‌ವೇರ್ ಐಡ್ಸ್’. ಅಲ್ಲಿನ ಮೊದಲ ಸಾಲಿನಲ್ಲಿ ‘ವೆನ್’ ಮತ್ತು ‘ಡೆವ್’ ಎಂಬ ಎರಡು ಗುರುತುಗಳ ಮುಂದೆ ನಾಲ್ಕು ನಾಲ್ಕು ಅಂಕಿ-ಅಕ್ಷರಗಳು ಇರುತ್ತವೆ. ಅವನ್ನು ಬರೆದುಕೊಳ್ಳಿ.

ವೆನ್ ಎಂದರೆ ತಯಾರಕರು: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 168ಸಿ ಕ್ವಾಲ್‌ಕಾಮ್ ಅಥೆರೋಸ್, 14ಇ4 ಬ್ರಾಡ್‌ಕಾಮ್. ಡೆವ್ ಎಂದರೆ ಮಾಡೆಲ್. ಉದಾಹರಣೆಗೆ 8086ರ ಜೊತೆ 2723 ಇದ್ದರೆ ಅದು ಇಂಟೆಲ್ ಎಎಕ್ಸ್200, 2725 ಇದ್ದರೆ ಎಎಕ್ಸ್210. 10ಇಸಿ ಜೊತೆ ಸಿ821 ಇದ್ದರೆ ರಿಯಲ್‌ಟೆಕ್ 8821ಸಿಇ, ಬಿ852 ಇದ್ದರೆ 8852ಬಿಇ. 14ಸಿ3 ಜೊತೆ 7961 ಇದ್ದರೆ ಮೀಡಿಯಾಟೆಕ್ 7921.

ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂದು ಕೊಟ್ಟರೆ ಚೌಕ ಆವರಣದೊಳಗೆ ಇದೇ ಸಂಖ್ಯೆಗಳು ಸಿಗುತ್ತವೆ. ಅದರ ಕೆಳಗೇ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದೆಯೇ ನೋಡಿ. ಆ ಸಾಲು ಇಲ್ಲದಿದ್ದರೆ ಕಾರ್ಡ್ ಕಾಣುತ್ತಿದೆ, ಆದರೆ ಯಾವ ಡ್ರೈವರೂ ಅದನ್ನು ಹಿಡಿದಿಲ್ಲ ಎಂದರ್ಥ.

ಎಲ್ಲಿ ಹುಡುಕಿದರೂ ಸಂಖ್ಯೆಯೇ ಸಿಗದಿದ್ದರೆ ಕಾರ್ಡ್ ಮದರ್‌ಬೋರ್ಡಿಗೇ ಕಾಣುತ್ತಿಲ್ಲ. ಆಗ ಎಷ್ಟು ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ. ಬಯಾಸ್‌ಗೆ ಹೋಗಿ ವೈರ್‌ಲೆಸ್ ಲ್ಯಾನ್ ಡಿಸೇಬಲ್ ಆಗಿದೆಯೇ ನೋಡಿ, ಅಲ್ಲಿ ಸರಿಯಿದ್ದರೆ ನೇರ 8ನೇ ಹಂತಕ್ಕೆ ಹೋಗಿ.

## ಹಂತ 4: ವಿಂಡೋಸ್ ಕೊಡುವ ಕೋಡ್ ಓದಿ

ಅದೇ ಪ್ರಾಪರ್ಟೀಸ್ ಕಿಟಕಿಯ ‘ಜನರಲ್’ ಟ್ಯಾಬ್‌ನಲ್ಲಿ ‘ಡಿವೈಸ್ ಸ್ಟೇಟಸ್’ ಎಂಬ ಪೆಟ್ಟಿಗೆ ಇದೆ. ಅದರಲ್ಲಿ ಬರುವ ಕೋಡಿನಿಂದಲೇ ಮುಂದಿನ ದಾರಿ ತೀರ್ಮಾನವಾಗುವುದು.

ಕೋಡ್ 22: ಕಾರ್ಡನ್ನು ಯಾರೋ ಡಿಸೇಬಲ್ ಮಾಡಿದ್ದಾರೆ. ಬಲ ಕ್ಲಿಕ್ ಮಾಡಿ ಎನೇಬಲ್ ಒತ್ತಿ, ಮುಗಿಯಿತು.

ಕೋಡ್ 28: ಡ್ರೈವರ್ ಹಾಕಿಯೇ ಇಲ್ಲ. ಹೊಸದಾಗಿ ವಿಂಡೋಸ್ ಹಾಕಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು. 5ನೇ ಹಂತ ಮಾಡಿ.

ಕೋಡ್ 10: ಡ್ರೈವರ್ ಇದೆ, ಆದರೆ ಕಾರ್ಡನ್ನು ಶುರು ಮಾಡಲಾಗುತ್ತಿಲ್ಲ. 2ನೇ ಹಂತವನ್ನು ಸರಿಯಾಗಿ ಮಾಡಿದ್ದೀರಾ ಎಂದು ಮತ್ತೊಮ್ಮೆ ನೋಡಿ. ಮಾಡಿದ ಮೇಲೂ ಇದ್ದರೆ ಡ್ರೈವರಿನ ಹಳೆಯ ಆವೃತ್ತಿ ಹಾಕಿ ನೋಡಬೇಕು.

ಕೋಡ್ 39: ಡ್ರೈವರಿನ ಫೈಲೇ ಹಾಳಾಗಿದೆ ಅಥವಾ ಇಲ್ಲ. ಪೂರ್ತಿ ತೆಗೆದು ಹೊಸದಾಗಿ ಹಾಕಬೇಕು.

ಕೋಡ್ 43: ಕಾರ್ಡೇ ‘ನನ್ನಲ್ಲಿ ತೊಂದರೆಯಿದೆ’ ಎಂದು ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಫರ್ಮ್‌ವೇರ್ ಕುಸಿದಿರಬಹುದು, ಹಾರ್ಡ್‌ವೇರೂ ಇರಬಹುದು. ಡ್ರೈವರ್ ಬದಲಿಸಿದ ಮೇಲೂ ಇದೇ ಕೋಡ್ ಬರುತ್ತಿದ್ದರೆ ಕಾರ್ಡಿನ ಮೇಲೆ ಅನುಮಾನ ಪಡಿ.

ಕೋಡ್ 45: ಕಾರ್ಡ್ ಸದ್ಯ ಜೋಡಣೆಯಲ್ಲೇ ಇಲ್ಲ. ಹಿಡನ್ ಡಿವೈಸಸ್ ತೋರಿಸಿದಾಗ ಮಂಕಾಗಿ ಕಾಣುವ ಹೆಸರಿನ ಮೇಲೆ ಇದು ಬರುತ್ತದೆ. ಇದಕ್ಕೆ ಡ್ರೈವರ್ ಹಾಕುತ್ತಾ ಕೂರುವುದು ದಂಡ. ಬಯಾಸ್ ಮತ್ತು 8ನೇ ಹಂತ ನೋಡಿ.

ಕೋಡ್ 56: ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಏನೋ ಅಡ್ಡ ಸಿಕ್ಕಿಕೊಂಡಿದೆ. ಹಳೆಯ ವಿಪಿಎನ್ ಸಾಫ್ಟ್‌ವೇರ್ ಇದರ ಹಿಂದೆ ಇರುವುದು ಹೆಚ್ಚು. ಆಫೀಸಿನವರು ಕೊಟ್ಟ ವಿಪಿಎನ್ ಇದ್ದರೆ ಅದನ್ನು ತೆಗೆದು, ರೀಸ್ಟಾರ್ಟ್ ಮಾಡಿ ನೋಡಿ.

ಕೋಡ್ ಏನೂ ಇಲ್ಲದೆ ‘ವರ್ಕಿಂಗ್ ಪ್ರಾಪರ್ಲಿ’ ಎಂದಿದ್ದರೂ ವೈ-ಫೈ ಆಗಾಗ ಬೀಳುತ್ತಿದ್ದರೆ ಈವೆಂಟ್ ವ್ಯೂವರ್‌ನಲ್ಲಿ ‘ವಿಂಡೋಸ್ ಲಾಗ್ಸ್’, ‘ಸಿಸ್ಟಮ್’ ತೆರೆದು ವೈ-ಫೈ ಬಿದ್ದ ಹೊತ್ತಿನ ಸಾಲುಗಳನ್ನು ಹುಡುಕಿ. ಇಂಟೆಲ್ ಕಾರ್ಡಾದರೆ ‘ನೆಟ್‌ಡಬ್ಲ್ಯೂಟಿಡಬ್ಲ್ಯೂ’ ಎಂದು ಶುರುವಾಗಿ ಕೊನೆಗೆ ಎರಡು ಅಂಕಿ ಇರುವ ಮೂಲದಿಂದ 5002, 5005, 5007 ಎಂಬ ಈವೆಂಟ್‌ಗಳು ಬಂದಿರುತ್ತವೆ. ಕಾರ್ಡ್ ಒಳಗಿನಿಂದ ಕುಸಿದಿದೆ ಅಥವಾ ಹೊತ್ತಿಗೆ ಸರಿಯಾಗಿ ಉತ್ತರಿಸಿಲ್ಲ ಎನ್ನುವುದಕ್ಕೆ ಇವು ಸಾಕ್ಷಿ. ರೌಟರನ್ನು ದೂರುವುದನ್ನು ಅಲ್ಲಿಗೆ ಬಿಡಬಹುದು.

ಇದನ್ನೇ ಚಿತ್ರದಂತೆ ನೋಡಬೇಕಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್’ ಕೊಡಿ. ಸಂಪರ್ಕ ಬಂದದ್ದು, ಹೋದದ್ದು, ಯಾವ ಕಾರಣಕ್ಕೆ ಹೋಯಿತು ಎಂಬುದೆಲ್ಲ ಬ್ರೌಸರ್‌ನಲ್ಲಿ ತೆರೆಯುವ ಒಂದು ವರದಿಯಾಗಿ ಸಿಗುತ್ತದೆ. ಸರ್ವಿಸ್ ಸೆಂಟರಿನವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

## ಹಂತ 5: ಡ್ರೈವರ್ ಬದಲಿಸುವುದು, ಕ್ರಮ ತಪ್ಪದೆ

ಮೊದಲು ಸುಲಭದ್ದು. ಪ್ರಾಪರ್ಟೀಸ್‌ನ ‘ಡ್ರೈವರ್’ ಟ್ಯಾಬ್‌ನಲ್ಲಿ ಈಗಿನ ಆವೃತ್ತಿ, ದಿನಾಂಕ ಬರೆದುಕೊಳ್ಳಿ. ‘ರೋಲ್ ಬ್ಯಾಕ್ ಡ್ರೈವರ್’ ಒತ್ತಲು ಬರುತ್ತಿದ್ದು, ದೋಷ ಶುರುವಾದದ್ದು ಒಂದು ಅಪ್‌ಡೇಟ್ ಆದ ಮೇಲೆ ಎಂದಿದ್ದರೆ ಅದನ್ನೇ ಒತ್ತಿ.

ಅದು ಮಂಕಾಗಿದ್ದರೆ ‘ಅಪ್‌ಡೇಟ್ ಡ್ರೈವರ್’, ‘ಬ್ರೌಸ್ ಮೈ ಕಂಪ್ಯೂಟರ್’, ‘ಲೆಟ್ ಮಿ ಪಿಕ್’ ಎಂದು ಹೋಗಿ. ವಿಂಡೋಸ್ ತನ್ನ ಉಗ್ರಾಣದಲ್ಲಿ ಇಟ್ಟುಕೊಂಡಿರುವ ಆವೃತ್ತಿಗಳ ಪಟ್ಟಿ ಕಾಣುತ್ತದೆ. ಬೇರೊಂದು ಆವೃತ್ತಿ ಆರಿಸಿ ನೋಡಿ. ಇದಕ್ಕೆ ನೆಟ್ ಬೇಕಿಲ್ಲ, ಏನನ್ನೂ ಅಳಿಸಬೇಕಿಲ್ಲ. ಇಷ್ಟು ಉಪಯುಕ್ತವಾದ ಈ ದಾರಿಯನ್ನು ಜನ ಪ್ರಯತ್ನಿಸುವುದೇ ಕಡಿಮೆ ಎಂಬುದು ನನ್ನ ಬೇಸರ.

ಹೊಸ ಡ್ರೈವರೇ ಬೇಕು ಎಂದಾದರೆ ಎಲ್ಲಿಂದ? ಮೊದಲ ಆಯ್ಕೆ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟ. ಲ್ಯಾಪ್‌ಟಾಪ್ ತಳದಲ್ಲಿರುವ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗ್ ಹಾಕಿ ಹುಡುಕಿ. ಒಂದೇ ಪುಟದಲ್ಲಿ ಮೂರು ತಯಾರಕರ ವೈ-ಫೈ ಡ್ರೈವರ್ ಇದ್ದರೆ 3ನೇ ಹಂತದಲ್ಲಿ ಬರೆದುಕೊಂಡ ಸಂಖ್ಯೆ ನೋಡಿ ನಿಮ್ಮದನ್ನು ಆರಿಸಿ. ಇಂಟೆಲ್ ಕಾರ್ಡಾದರೆ ಇಂಟೆಲ್ ಜಾಲತಾಣದಲ್ಲೇ ಎಲ್ಲ ಲ್ಯಾಪ್‌ಟಾಪ್‌ಗೂ ಹೊಂದುವ ಡ್ರೈವರ್ ಸಿಗುತ್ತದೆ. ಎರಡೂ ಕಡೆ ಸಿಗದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿ ಹಾರ್ಡ್‌ವೇರ್ ಐಡಿ ಹಾಕಿ ಹುಡುಕಬಹುದು. ಅಲ್ಲಿ ಸಿಗುವ ‘ಕ್ಯಾಬ್’ ಫೈಲನ್ನು ಬಿಚ್ಚಿ ಒಂದು ಫೋಲ್ಡರಿನಲ್ಲಿಟ್ಟು, ಡಿವೈಸ್ ಮ್ಯಾನೇಜರ್‌ನಿಂದ ಆ ಫೋಲ್ಡರ್ ತೋರಿಸಬೇಕು.

‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ಗೆ’ ಎನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಸುಳಿಯಬೇಡಿ. ವೈ-ಫೈ ಫರ್ಮ್‌ವೇರ್ ಬೇರೆಯಾಗಿ ‘ಫ್ಲ್ಯಾಶ್’ ಮಾಡಿಕೊಡುತ್ತೇವೆ ಎನ್ನುವವರನ್ನೂ ನಂಬಬೇಡಿ. ವಿಂಡೋಸ್‌ನಲ್ಲಿ ಇಂಥ ಕಾರ್ಡುಗಳ ಫರ್ಮ್‌ವೇರ್ ಡ್ರೈವರ್ ಪ್ಯಾಕೇಜಿನೊಳಗೇ ಇರುತ್ತದೆ. ಡ್ರೈವರ್ ಬದಲಾದರೆ ಅದೂ ಬದಲಾಗುತ್ತದೆ.

ಡೌನ್‌ಲೋಡ್ ಆದ ಫೈಲ್ ಪೆನ್‌ಡ್ರೈವಿನಲ್ಲೂ ಇದೆ ಎಂದು ಖಚಿತವಾದ ಮೇಲೆ ಮಾತ್ರ ಮುಂದಿನದು. ಫೋನ್ ಟೆದರಿಂಗ್ ಕಿತ್ತುಹಾಕಿ. ಇದನ್ನು ಮರೆತರೆ ನೀವು ಹಳೆಯದನ್ನು ತೆಗೆದ ಕ್ಷಣವೇ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ ಆವೃತ್ತಿಯನ್ನು ತಂದು ಕೂರಿಸಬಹುದು. ಈಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ. ಡ್ರೈವರನ್ನೂ ತೆಗೆದುಹಾಕಲು ಒಪ್ಪಿಗೆ ಕೇಳುವ ಟಿಕ್ ಒಂದು ಬರುತ್ತದೆ, ಅದನ್ನು ಹಾಕಿ. ಹಾಕದಿದ್ದರೆ ರೀಸ್ಟಾರ್ಟ್ ಆದ ಕೂಡಲೇ ಅದೇ ಹಾಳು ಡ್ರೈವರ್ ಉಗ್ರಾಣದಿಂದ ವಾಪಸ್ ಬರುತ್ತದೆ. ರೀಸ್ಟಾರ್ಟ್ ಮಾಡಿ, ಹೊಸದನ್ನು ಇನ್‌ಸ್ಟಾಲ್ ಮಾಡಿ, ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ.

ನಾಲ್ಕು ದಿನ ಚೆನ್ನಾಗಿದ್ದು ಮತ್ತೆ ಕೆಟ್ಟರೆ ಡ್ರೈವರ್ ಟ್ಯಾಬ್‌ನಲ್ಲಿ ಆವೃತ್ತಿ ನೋಡಿ. ನೀವು ಹಾಕಿದ ಸಂಖ್ಯೆ ಅಲ್ಲಿಲ್ಲದಿದ್ದರೆ ಅಪ್‌ಡೇಟ್ ಅದನ್ನು ಬದಲಿಸಿದೆ. ಹುಡುಕುವ ಪೆಟ್ಟಿಗೆಯಲ್ಲಿ ‘ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್’ ಎಂದು ಕೊಟ್ಟು ‘ನೋ’ ಆರಿಸಿ.

‘ನೆಟ್‌ವರ್ಕ್ ರಿಸೆಟ್’ ಎಂಬ ಬಟನ್ ಸೆಟ್ಟಿಂಗ್ಸ್‌ನಲ್ಲಿದೆ. ಅದು ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗಳನ್ನು ತೆಗೆದು ಮತ್ತೆ ಹಾಕುತ್ತದೆ, ವಿಪಿಎನ್‌ಗಳನ್ನು ಮತ್ತೆ ಹೊಂದಿಸಬೇಕಾಗಬಹುದು. ಕೋಡ್ 56 ತರಹದ ಗೋಜಲಿಗೆ ಅದು ಸರಿ. 10, 43, 45ಕ್ಕೆ ಅದರಿಂದ ಏನೂ ಆಗದು.

## ಹಂತ 6: ವಿದ್ಯುತ್ ಉಳಿಸುವ ಸೆಟ್ಟಿಂಗ್

ಪ್ರಾಪರ್ಟೀಸ್‌ನಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಮುಚ್ಚಳ ಮುಚ್ಚಿ ತೆರೆದಾಗ ಮಾತ್ರ ವೈ-ಫೈ ಮಾಯವಾಗುವ ಕಾಯಿಲೆಗೆ ಮೊದಲ ಮದ್ದು ಇದು. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಅಷ್ಟೆ.

## ಹಂತ 7: ಲಿನಕ್ಸ್ ಬಳಸುವವರಿಗೆ

ಇಲ್ಲಿ ಫರ್ಮ್‌ವೇರ್ ಡ್ರೈವರಿನಿಂದ ಬೇರೆಯಾಗಿ, ‘ಲಿಬ್’ ಫೋಲ್ಡರಿನೊಳಗಿನ ‘ಫರ್ಮ್‌ವೇರ್’ ಫೋಲ್ಡರಿನಲ್ಲಿ ಇರುತ್ತದೆ. ಡ್ರೈವರ್ ಬರುವುದು ಕರ್ನಲ್ ಜೊತೆ. ಎರಡರ ಆವೃತ್ತಿ ಹೊಂದದಿದ್ದಾಗ ದೋಷ ಹುಟ್ಟುತ್ತದೆ.

ಮೊದಲು ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಡಿ. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ಸಾಕು. ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದಿದ್ದರೆ ಅದು ಕೀಲಿಮಣೆಯ ಕೀ, ಸ್ವಿಚ್ ಅಥವಾ ಬಯಾಸ್‌ನ ಕೆಲಸ, ಆಜ್ಞೆಯಿಂದ ತೆರೆಯುವುದಿಲ್ಲ.

ಆಮೇಲೆ ‘ಸುಡೊ ಡಿಎಂಇಎಸ್‌ಜಿ’ ಕೊಟ್ಟು ಕರ್ನಲ್ ಬರೆದ ಸಾಲುಗಳಲ್ಲಿ ಡ್ರೈವರಿನ ಹೆಸರು ಹುಡುಕಿ. ಇಂಟೆಲ್‌ಗೆ ಅದು ‘ಐಡಬ್ಲ್ಯೂಎಲ್‌ವೈಫೈ’, ಹೊಸ ರಿಯಲ್‌ಟೆಕ್‌ಗಳಿಗೆ ‘ಆರ್‌ಟಿಡಬ್ಲ್ಯೂ88’ ಅಥವಾ ‘ಆರ್‌ಟಿಡಬ್ಲ್ಯೂ89’, ಮೀಡಿಯಾಟೆಕ್‌ಗೆ ‘ಎಂಟಿ7921ಇ’.

ಜನ ಬೆಚ್ಚಿಬೀಳುವ ಸಾಲೊಂದಿದೆ: ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ … ಫೇಲ್ಡ್ ವಿತ್ ಎರರ್ -2’. ಮೈನಸ್ 2 ಎಂದರೆ ಆ ಹೆಸರಿನ ಫೈಲ್ ಸಿಗಲಿಲ್ಲ, ಅಷ್ಟೇ. ಇಂಟೆಲ್ ಡ್ರೈವರ್ ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯ ಫೈಲನ್ನು ಮೊದಲು ಕೇಳುತ್ತದೆ, ಇಲ್ಲದಿದ್ದರೆ ಒಂದೊಂದೇ ಸಂಖ್ಯೆ ಕೆಳಗಿಳಿದು ಕೇಳುತ್ತಾ ಹೋಗುತ್ತದೆ. ಹೀಗಾಗಿ ನಾಲ್ಕೈದು ‘-2’ ಸಾಲುಗಳಾದ ಮೇಲೆ ‘ಲೋಡೆಡ್ ಫರ್ಮ್‌ವೇರ್ ವರ್ಷನ್’ ಎಂಬ ಸಾಲು ಬಂದಿದ್ದರೆ ಏನೂ ಕೆಟ್ಟಿಲ್ಲ. ‘ಯೋಯೋ’ ಎಂಬ ಹೆಸರಿರುವ ಫೈಲ್ ಸಿಗಲಿಲ್ಲ ಎಂಬ ದೂರೂ ಅಷ್ಟೆ, ಅದು ಡೆವಲಪರ್‌ಗಳ ಪರೀಕ್ಷೆಗೆ ಇರುವ ಫೈಲು. ಇವನ್ನು ಹಾಗೇ ಬಿಡಿ. ನಿಜವಾದ ದೋಷ ‘ನೋ ಸೂಟಬಲ್ ಫರ್ಮ್‌ವೇರ್ ಫೌಂಡ್’ ಎಂಬುದು. ಅದರ ಕೆಳಗೆ ಕನಿಷ್ಠ ಯಾವ ಆವೃತ್ತಿ ಬೇಕು, ಗರಿಷ್ಠ ಯಾವುದರವರೆಗೆ ನಡೆಯುತ್ತದೆ ಎಂದು ಡ್ರೈವರೇ ಹೇಳಿರುತ್ತದೆ.

ಆಗ ಟೆದರಿಂಗ್ ಹಾಕಿ ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಮಾಡಿ. ಉಬುಂಟು ಮತ್ತು ಮಿಂಟ್‌ನಲ್ಲಿ ಅದರ ಹೆಸರು ‘ಲಿನಕ್ಸ್-ಫರ್ಮ್‌ವೇರ್’. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ’, ‘ಫರ್ಮ್‌ವೇರ್-ರಿಯಲ್‌ಟೆಕ್’ ಎಂದು ಬೇರೆ ಬೇರೆ. 2023ರ ಡೆಬಿಯನ್ 12ರಿಂದ ಇವು ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ವಿಭಾಗಕ್ಕೆ ಬಂದಿವೆ. ಹಳೆಯ ಡೆಬಿಯನ್‌ನಿಂದ ಮೇಲೇರಿದವರ ಸೋರ್ಸಸ್ ಫೈಲಿನಲ್ಲಿ (ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂಬ ಪಟ್ಟಿ) ಆ ಹೆಸರು ಇರದಿದ್ದರೆ ಪ್ಯಾಕೇಜ್ ಸಿಗುವುದಿಲ್ಲ.

ಇಲ್ಲಿ ಎರಡು ತಪ್ಪು ಪದೇ ಪದೇ ನಡೆಯುತ್ತವೆ. ಡ್ರೈವರಿನ ಗರಿಷ್ಠ ಮಿತಿಗಿಂತ ದೊಡ್ಡ ಸಂಖ್ಯೆಯ ಫೈಲ್ ತಂದು ಹಾಕುವುದು ಒಂದು. ಡ್ರೈವರ್ ಅದನ್ನು ಕೇಳುವುದೇ ಇಲ್ಲ, ಮುಟ್ಟುವುದೂ ಇಲ್ಲ. ಅದು ಕೆಲಸ ಮಾಡಲಿಲ್ಲವೆಂದು ಫೈಲಿನ ಹೆಸರಿನಲ್ಲಿದ್ದ ಸಂಖ್ಯೆಯನ್ನೇ ತಿದ್ದಿ ಡ್ರೈವರಿಗೆ ತಿನ್ನಿಸುವುದು ಇನ್ನೊಂದು. ಇದರಿಂದ ಫರ್ಮ್‌ವೇರ್ ಕುಸಿಯುತ್ತದೆ, ಮೂಲ ದೋಷ ಮುಚ್ಚಿಹೋಗುತ್ತದೆ. ಫರ್ಮ್‌ವೇರ್ ಬದಲಿಸಿದ ಮೇಲೆ ರೀಸ್ಟಾರ್ಟ್ ಬದಲು ಪೂರ್ತಿ ಆಫ್ ಮಾಡಿ ಆನ್ ಮಾಡಿ.

‘-110’ ಕಂಡರೆ ಕಾರ್ಡ್ ಹೊತ್ತಿಗೆ ಉತ್ತರಿಸಲಿಲ್ಲ ಎಂದರ್ಥ. ‘ಮೈಕ್ರೋಕೋಡ್ ಎಸ್‌ಡಬ್ಲ್ಯೂ ಎರರ್ ಡಿಟೆಕ್ಟೆಡ್’ ಎಂದರೆ ತುಂಬಿದ ಫರ್ಮ್‌ವೇರ್ ಓಡುವಾಗ ಕುಸಿಯಿತು. ಎರಡಕ್ಕೂ 2ನೇ ಹಂತ ಮೊದಲು, ಆಮೇಲೆ ಬೂಟ್ ಆಗುವಾಗ ಯಾವುದನ್ನು ತೆರೆಯಬೇಕೆಂದು ಕೇಳುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಿಂದ ಹಿಂದಿನ ಕರ್ನಲ್ ಆರಿಸಿ ನೋಡಿ. ಹಳೆಯದರಲ್ಲಿ ಸರಿಯಿದ್ದರೆ ಕಾರ್ಡ್ ಚೆನ್ನಾಗಿದೆ, ಹೊಸ ಕರ್ನಲ್ಲಿನಲ್ಲಿ ತೊಂದರೆಯಿದೆ. ಮುಂದಿನ ಅಪ್‌ಡೇಟ್ ಬರುವವರೆಗೆ ಹಳೆಯದರಲ್ಲೇ ಇರಿ.

ಇದಕ್ಕೆ ಉಲ್ಟಾ ಸ್ಥಿತಿಯೂ ಇದೆ. ರಿಯಲ್‌ಟೆಕ್ 8852ಬಿಇಗೆ ಕರ್ನಲ್ಲಿನಲ್ಲಿ ಬೆಂಬಲ ಬಂದದ್ದು 6.2ರಲ್ಲಿ. ಉಬುಂಟು 22.04 ಮೊದಲು ಬಂದಾಗ ಅದರ ಕರ್ನಲ್ 5.15. ಅಂಥ ಕಡೆ ಅಂತರ್ಜಾಲದಿಂದ ಯಾರೋ ಬರೆದ ಡ್ರೈವರ್ ತಂದು ಕಂಪೈಲ್ ಮಾಡುವುದಕ್ಕಿಂತ ‘ಎಚ್‌ಡಬ್ಲ್ಯೂಇ’ ಕರ್ನಲ್ (ಅದೇ ಉಬುಂಟುವಿಗೆ ಉಬುಂಟುವಿನವರೇ ಕೊಡುವ ಹೊಸ ಕರ್ನಲ್) ಹಾಕಿಕೊಳ್ಳುವುದೇ ಮೇಲು. ಕೈಯಾರೆ ಕಂಪೈಲ್ ಮಾಡಿದ್ದು ಕರ್ನಲ್ ಬದಲಾದಾಗಲೆಲ್ಲ ಮುರಿದು ಬೀಳುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಅಡ್ಡಿಯೂ ಬರುತ್ತದೆ. ಬ್ರಾಡ್‌ಕಾಮ್ 43142 ತರಹದ ಕಾರ್ಡುಗಳಿಗೆ ಹೊರಗಿನ ಡ್ರೈವರ್ ಬಿಟ್ಟು ಗತಿಯಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ ಅದನ್ನು ಹಾಕುವಾಗ ಉಬುಂಟು ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಓಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡ್ ಇರುತ್ತದೆ. ಗಾಬರಿಯಾಗಿ ‘ಕಂಟಿನ್ಯೂ ಬೂಟ್’ ಒತ್ತಿದರೆ ಡ್ರೈವರ್ ಇದ್ದೂ ಇಲ್ಲದಂತೆ.

ಎಚ್‌ಪಿಯ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ರಿಯಲ್‌ಟೆಕ್ 8723ಬಿಇ ಕಾರ್ಡಿಗೆ ಒಂದೇ ಆ್ಯಂಟೆನಾ ಜೋಡಿಸಿರುತ್ತಾರೆ, ಡ್ರೈವರ್ ಇನ್ನೊಂದು ತುದಿಯಲ್ಲಿ ಸಿಗ್ನಲ್ ಹುಡುಕುತ್ತಿರುತ್ತದೆ. ರೌಟರಿನ ಪಕ್ಕ ಕೂತರೆ ಮಾತ್ರ ನೆಟ್, ಎರಡು ಹೆಜ್ಜೆ ದೂರ ಹೋದರೆ ಇಲ್ಲ. ‘ಇಟಿಸಿ’ಯೊಳಗಿನ ‘ಮಾಡ್‌ಪ್ರೋಬ್.ಡಿ’ ಫೋಲ್ಡರಿನಲ್ಲಿ ‘ಕಾನ್ಫ್’ ಎಂದು ಕೊನೆಗೊಳ್ಳುವ ಹೆಸರಿನ ಫೈಲ್ ಮಾಡಿ, ಅದರಲ್ಲಿ ‘ಆಪ್ಷನ್ಸ್ ಆರ್‌ಟಿಎಲ್8723ಬಿಇ ಎಎನ್‌ಟಿ_ಎಸ್‌ಇಎಲ್=2’ ಎಂಬ ಒಂದೇ ಸಾಲು ಬರೆಯಿರಿ. 2ಕ್ಕೆ ಸರಿಹೋಗದಿದ್ದರೆ 1 ಹಾಕಿ.

## ಹಂತ 8: ಮುಚ್ಚಳ ತೆಗೆದು ಕಾರ್ಡ್ ನೋಡುವುದು

ವಾರಂಟಿ ಇದ್ದರೆ ಇದನ್ನು ಮಾಡಬೇಡಿ. ಬರೆದಿಟ್ಟ ಕೋಡು, ವರದಿ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ. ವಾರಂಟಿ ಮುಗಿದಿದ್ದರೆ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ತಳದ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಇದನ್ನು ಮಾಡದೆ ಒಳಗೆ ಇನ್ನಾವುದನ್ನೂ ಮುಟ್ಟಬಾರದು.

ಹೆಬ್ಬೆರಳಿನಷ್ಟು ಅಗಲದ, 22 ಮಿಲಿಮೀಟರ್ ಅಗಲ 30 ಮಿಲಿಮೀಟರ್ ಉದ್ದದ ಪುಟ್ಟ ಹಲಗೆಯೇ ಕಾರ್ಡ್. ಒಂದು ತುದಿ ಸ್ಲಾಟಿನಲ್ಲಿ, ಇನ್ನೊಂದು ತುದಿಗೆ ಒಂದು ಸ್ಕ್ರೂ, ಮೇಲೆ ಎರಡು ತೆಳು ಆ್ಯಂಟೆನಾ ತಂತಿ. ತಂತಿ ಹಿಡಿದು ಎಳೆಯಬೇಡಿ. ಕನೆಕ್ಟರಿನ ಲೋಹದ ಉಂಗುರದ ಕೆಳಗೆ ಪ್ಲಾಸ್ಟಿಕ್ ಚಮಚದ ತುದಿ ತೂರಿಸಿ ನೇರ ಮೇಲಕ್ಕೆ ಎತ್ತಿ. ಯಾವ ಬಣ್ಣದ ತಂತಿ ಎಲ್ಲಿತ್ತು ಎಂದು ಬಿಡಿಸುವ ಮೊದಲೇ ಫೋಟೊ ತೆಗೆದಿರಬೇಕು. ಸ್ಕ್ರೂ ಬಿಚ್ಚಿದರೆ ಕಾರ್ಡ್ ತಾನಾಗಿ ಓರೆಯಾಗಿ ಏಳುತ್ತದೆ, ಹೊರಗೆಳೆದು ಮತ್ತೆ ಅದೇ ಓರೆಯಲ್ಲಿ ಪೂರ್ತಿ ಒಳಗೆ ತಳ್ಳಿ. ಆ್ಯಂಟೆನಾ ಹಾಕುವಾಗ ಕನೆಕ್ಟರ್ ನಡುಮಧ್ಯೆ ಕೂತಿದೆಯೆಂದು ನೋಡಿ ಬೆರಳಿನಿಂದ ನೇರ ಒತ್ತಿ. ‘ಟಿಕ್’ ಎಂದು ಕೂರಬೇಕು. ಓರೆಯಾಗಿ ಒತ್ತಿದರೆ ಅದರ ಅಂಚು ಚಪ್ಪಟೆಯಾಗಿ, ಆಮೇಲೆ ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ನೆಟ್‌ವರ್ಕ್ ಹೆಸರು ಕಾಣುತ್ತದೆ, ಸಿಗ್ನಲ್ ಮಾತ್ರ ಒಂದೇ ಗೆರೆ ಎಂದರೆ ಈ ತಂತಿ ಬಿಟ್ಟಿದೆಯೇ ಎಂದು ಮೊದಲು ನೋಡಬೇಕು.

ತೆಗೆದು ಹಾಕಿದ ಮೇಲೂ 3ನೇ ಹಂತದ ಸಂಖ್ಯೆ ಕಾಣದಿದ್ದರೆ, ಅಥವಾ ವಿಂಡೋಸ್‌ನಲ್ಲೂ ಉಬುಂಟು ಲೈವ್ ಪೆನ್‌ಡ್ರೈವ್‌ನಲ್ಲೂ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವ ಉಬುಂಟು) ಕಾರ್ಡ್ ಒಂದೇ ರೀತಿ ಕುಸಿಯುತ್ತಿದ್ದರೆ ಕಾರ್ಡ್ ಹೋಗಿದೆ ಎಂದು ತೀರ್ಮಾನಿಸಬಹುದು.

ಹೊಸದನ್ನು ಕೊಳ್ಳುವಾಗ ಒಂದು ವಿಷಯದಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಇಂಟೆಲ್ ಎಎಕ್ಸ್201, ಎಎಕ್ಸ್211 ಪೂರ್ತಿ ಕಾರ್ಡುಗಳಲ್ಲ. ಅವುಗಳ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್ಟಿನೊಳಗೆ ನಡೆಯುತ್ತದೆ. ಎಎಂಡಿ ಲ್ಯಾಪ್‌ಟಾಪ್‌ಗೋ ಹಳೆಯ ಇಂಟೆಲ್ ಲ್ಯಾಪ್‌ಟಾಪ್‌ಗೋ ಹಾಕಿದರೆ ಕಾರ್ಡ್ ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಕಾಣುವುದೇ ಇಲ್ಲ. ಎಎಕ್ಸ್200, ಎಎಕ್ಸ್210 ಸ್ವತಂತ್ರ ಕಾರ್ಡುಗಳು. ಹೆಸರಿನಲ್ಲಿ ಕೊನೆಯ ಅಂಕಿ ಮಾತ್ರ ಬೇರೆಯಾದ್ದರಿಂದ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಾರ್ಡಿನ ಮೇಲಿನ ಸ್ಟಿಕರ್ ಓದದೆ ದುಡ್ಡು ಕೊಡಬೇಡಿ. ಹಳೆಯ ಲೆನೊವೊ, ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಅಡ್ಡಿ: ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲು ಬಿಡುವುದಿಲ್ಲ. ಥಿಂಕ್‌ಪ್ಯಾಡಿನಲ್ಲಿ 1802, ಎಚ್‌ಪಿಯಲ್ಲಿ 104 ಎಂಬ ಸಂಖ್ಯೆಯೊಂದಿಗೆ ಆ ಸಂದೇಶ ಬರುತ್ತದೆ. ಅಂಥವಕ್ಕೆ ಅದೇ ಮಾಡೆಲ್‌ಗೆ ಕಂಪನಿ ಕೊಟ್ಟಿದ್ದ ಕಾರ್ಡನ್ನೇ ಹುಡುಕಬೇಕು.

ಕಾರ್ಡನ್ನು ಬೋರ್ಡಿಗೇ ಬೆಸುಗೆ ಹಾಕಿರುವ ತೆಳು ಲ್ಯಾಪ್‌ಟಾಪ್‌ಗಳಿಗೆ ಯುಎಸ್‌ಬಿ ವೈ-ಫೈ ಅಡಾಪ್ಟರ್ ಸಾಕು. ಲಿನಕ್ಸ್‌ಗೆ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲಿನ ಬ್ರ್ಯಾಂಡ್ ಹೆಸರು ನೋಡಿ ಕೊಳ್ಳಬೇಡಿ, ಒಳಗಿನ ಚಿಪ್ ಯಾವುದೆಂದು ಕೇಳಿ. ಮೀಡಿಯಾಟೆಕ್‌ನ 7612ಯು ಮತ್ತು 7921ಎಯು ಚಿಪ್‌ಗಳ ಡ್ರೈವರ್ ಕರ್ನಲ್ಲಿನೊಳಗೇ ಇದೆ. 7921ಎಯುಗೆ ಕರ್ನಲ್ 5.18 ಅಥವಾ ಅದಕ್ಕಿಂತ ಹೊಸದು ಬೇಕು.